ಸುಡೋ ಅಂದರೆ ಸುಡುವುದಲ್ಲ

ನನಗೆ ಚಿಕ್ಕಂದಿನಿಂದಲೂ ಒಂದು ಕಾಯಿಲೆ ಇದೆ. ಅರ್ಥವಾಗದ ಮಾತಿಗೆ "ಹೂಂ" ಅನ್ನುವುದು. ಅರ್ಥವಾದ ಮಾತಿಗೆ ಎಷ್ಟೋ ಸಲ ಸುಮ್ಮನೆ ಇದ್ದುಬಿಡುತ್ತೇನೆ. ಅರ್ಥವಾಗದಿದ್ದರೆ ಮಾತ್ರ ತಪ್ಪದೆ "ಹೂಂ" ಬರುತ್ತದೆ. ಹಾಗಂದರೆ ಎದುರಿಗಿದ್ದವರು ಮಾತು ಮುಗಿಸುತ್ತಾರೆ, ನಾನು ಅವರ ಕಣ್ಣಿನಿಂದ ಪಾರಾಗುತ್ತೇನೆ. ಡಾಕ್ಟರು, ಬ್ಯಾಂಕಿನವರು, ಗ್ಯಾಸಿನವನು, ಎಲ್ಲರಿಗೂ ನಾನು ಬಹಳ ತಿಳಿದವಳ ಹಾಗೆ ಕಾಣುವುದು ಇದರಿಂದಲೇ. ಒಂದು ಸಲ ಭದ್ರಾವತಿಗೆ ಹೊರಟವಳನ್ನು ಕಂಡಕ್ಟರು "ತರೀಕೆರೆನಾ ಅಮ್ಮ?" ಅಂತ ಕೇಳಿದ. ಗದ್ದಲದಲ್ಲಿ ಕೇಳಿಸಲಿಲ್ಲ, "ಹೂಂ" ಅಂದೆ. ಟಿಕೆಟ್ ಕೊಟ್ಟ. ಭದ್ರಾವತಿ ಬಂದಾಗ ಇಳಿಯೋಣ ಅಂದರೆ "ತರೀಕೆರೆ ಇನ್ನೂ ಮುಂದಿದೆ, ಕೂತ್ಕೊಳ್ಳಿ" ಅಂದ. ಅಷ್ಟು ಜನರ ಮುಂದೆ ಅವನನ್ನು ಸುಳ್ಳುಗಾರನನ್ನಾಗಿ ಮಾಡುವುದು ಹೇಗೆ? ಕೂತೆ. ತರೀಕೆರೆ ನೋಡಿಕೊಂಡು ವಾಪಸು ಬಂದೆ. ಚೆನ್ನಾಗಿತ್ತು ಊರು.

ಇನ್ನೊಂದು ಕಾಯಿಲೆ, ನಾಲ್ಕು ಜನ ಕೇಳುವ ಹಾಗೆ ಓದಲು ಆಗದಿರುವುದು. ಹೊನ್ನಾಳಿ ಕಡೆಯ ನಮ್ಮ ಹಳ್ಳಿಯ ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ಮೇಷ್ಟ್ರು ನನ್ನನ್ನೇ ಎಬ್ಬಿಸಿ ಪಾಠ ಓದು ಅಂದರು. ಪುಸ್ತಕ ಕಾಣುತ್ತಿತ್ತು, ಅಕ್ಷರವೂ ಕಾಣುತ್ತಿತ್ತು, ದನಿ ಮಾತ್ರ ಹೊಟ್ಟೆಯಿಂದ ಮೇಲೆ ಬರಲಿಲ್ಲ. ಹಿಂದೆ ಕೂತಿದ್ದ ಶಾರದಿಗೆ ನನ್ನ ಅವಸ್ಥೆ ತಿಳಿದು, ತಲೆ ಬಗ್ಗಿಸಿಕೊಂಡೇ ಗಟ್ಟಿಯಾಗಿ ಓದತೊಡಗಿದಳು. ನಾನು ಬರೀ ತುಟಿ ಆಡಿಸಿದೆ. ಇನ್‌ಸ್ಪೆಕ್ಟರು "ಹುಡುಗಿಗೆ ಒಳ್ಳೆ ಕಂಠ ಇದೆ" ಅಂತ ಬರೆದುಕೊಂಡು ಹೋದರು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ ಮಕ್ಕಳೇ, ನಿಮ್ಮ ಜಯಜ್ಜಿಗಾಗಿ ನಾನು ಒಂದು ಕಂಪ್ಯೂಟರಿಗೆ ಓದುವುದನ್ನು ಕಲಿಸಲು ಹೋದ ಕಥೆಯನ್ನು ಹೇಳಬೇಕಾಗಿದೆ. ಜಯಕ್ಕ ನನ್ನ ವಾರಗಿತ್ತಿ, ನಿಮ್ಮ ತಾತನ ಅಣ್ಣನ ಹೆಂಡತಿ. ಈಗ ಭದ್ರಾವತಿಯಲ್ಲಿ ಕಾರ್ಖಾನೆಯ ಹಳೇ ಲೈನು ಮನೆಯೊಂದರಲ್ಲಿ ಮಗಳು ಉಷಾ ಜೊತೆ ಇದ್ದಾರೆ. ಉಷಾ ನರ್ಸು. ಜಯಕ್ಕನಷ್ಟು ಓದುವವರನ್ನು ನಾನು ನೋಡಿಲ್ಲ. ಸಾಮಾನು ಕಟ್ಟಿಕೊಂಡು ಬಂದ ಪೇಪರನ್ನೂ ಬಿಡಿಸಿ, ಎಣ್ಣೆ ಒರೆಸಿ ಓದುತ್ತಿದ್ದರು. ನಾನು ಅಡುಗೆ ಮನೆಯ ಕಿಟಕಿಯ ಹತ್ತಿರ ಕೂತು ನೋಟುಬುಕ್ಕಿನಲ್ಲಿ ಏನೇನೋ ಬರೆದಿಡುತ್ತೇನೆಂದು ಲೋಕದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಜಯಕ್ಕ, ಇನ್ನೊಬ್ಬಳು ಮೊಮ್ಮಗಳು ಸಿಂಚನಾ. ಓದಲಿಕ್ಕೆ ಮಾತ್ರ ಜಯಕ್ಕನಿಗೂ ಕೊಟ್ಟಿರಲಿಲ್ಲ. "ಮುಗೀಲಿ, ಕೊಡ್ತೀನಿ" ಅನ್ನುತ್ತಲೇ ವರ್ಷಗಳು ಹೋದವು. ಅಷ್ಟರಲ್ಲಿ ಅವರ ಕಣ್ಣೇ ಹೋಗತೊಡಗಿತು. ನರದ ತೊಂದರೆ, ಹೋದದ್ದು ವಾಪಸು ಬರುವುದಿಲ್ಲ ಅಂದರಂತೆ ಡಾಕ್ಟರು. ಈಗ ಎದುರಿಗೆ ನಿಂತವರ ಆಕಾರ ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ.

"ನೀನೇ ಓದಿ ಹೇಳು ಗಿರಿಜಾ, ನಾನು ಕಣ್ಮುಚ್ಚಿ ಕೇಳ್ತೀನಿ. ಹೆಂಗೂ ಕಣ್ಣಿಗೆ ಬೇರೆ ಕೆಲಸ ಇಲ್ಲ" ಅಂದರು.

ನೋಟುಬುಕ್ಕು ತೆಗೆದೆ. ದನಿ ಬರಲಿಲ್ಲ. ಅದರಲ್ಲಿ ಅರ್ಧ ಜಯಕ್ಕನ ಬಗ್ಗೆಯೇ ಇತ್ತಲ್ಲ! ಗಂಟಲು ಕೆಟ್ಟಿದೆ ಅಂದೆ. ಮುಂದಿನ ವಾರವೂ ಗಂಟಲು ಕೆಟ್ಟಿತ್ತು. ಮೂರನೇ ವಾರ ಅವರು ಓಮದ ಪುಡಿ ಮಾಡಿಸಿಟ್ಟಿದ್ದರು. ಅದನ್ನು ತಿಂದು ಬಸ್ಸು ಹತ್ತಿದವಳಿಗೆ ನಾಚಿಕೆ ಅನ್ನುವುದು ಎಷ್ಟು ಕ್ರೂರ ಅನ್ನಿಸಿತು. ನನ್ನೊಬ್ಬಳ ದನಿ ಏಳದಿರುವುದಕ್ಕೆ ಅವರು ಕೇಳದೆ ಕೂರಬೇಕೇ?

ಸಿಂಚನಾ ಉಪಾಯ ಹೇಳಿದಳು. ದಸರಾ ರಜೆಯಲ್ಲಿ ನನ್ನ ನೋಟುಬುಕ್ಕನ್ನು ಟೈಪ್ ಮಾಡಿ, ಅವಳಪ್ಪನ ಹಳೇ ಲ್ಯಾಪ್‌ಟಾಪಿಗೆ ತುಂಬಿದಳು. "ಇದು ಲಿನಕ್ಸ್ ಅಜ್ಜಿ. ಮುದಿ ಮಿಷನ್ನಿಗೆ ಇದೇ ಸರಿ. ಇದಕ್ಕೆ ಒಂದು ಪ್ಯಾಕೇಜ್ ಹಾಕಿದ್ರೆ ಕನ್ನಡ ಓದಿ ಹೇಳುತ್ತೆ" ಅಂದಳು. ಹೂಂ ಅಂದೆ. ಪ್ಯಾಕೇಜ್ ಅಂದರೆ ಡಬ್ಬಿಯ ತರಹ ಏನೋ, ಹಿಂದೆ ಮುಚ್ಚಳ ತೆಗೆದು ಒಳಗಿಡುವುದು ಅಂದುಕೊಂಡೆ. ಅದನ್ನು ಹಾಕುವ ಮೊದಲೇ ಅವಳ ಕಾಲೇಜಿನಿಂದ ಪರೀಕ್ಷೆಯ ಕರೆ ಬಂದು ದಾವಣಗೆರೆಯ ಹಾಸ್ಟೆಲ್ಲಿಗೆ ಓಡಿದಳು. ಹೋಗುವಾಗ ಒಂದು ಪೆನ್ ಡ್ರೈವನ್ನೂ ಎರಡು ಚೀಟಿಗಳನ್ನೂ ಕೈಗಿಟ್ಟಳು. ಮೊದಲ ಚೀಟಿಯಲ್ಲಿದ್ದ ಸಾಲು ಹೊಡೆದರೆ ಪ್ಯಾಕೇಜು ಕೂರುತ್ತದೆ, ಎರಡನೆಯದನ್ನು ಹೊಡೆದರೆ ಓದುತ್ತದೆ. ಇಷ್ಟೇ.

ಜಯಕ್ಕನ ಮನೆಯಲ್ಲಿ ನೆಟ್ ಇಲ್ಲ. ಇರುವ ನೆಟ್ಟು ಉಷಾಳ ಫೋನಿನದು, ಅದು ಅವಳ ಜೊತೆಯಲ್ಲೇ ಡ್ಯೂಟಿಗೆ ಹೋಗುತ್ತದೆ. ನನ್ನದು ಗುಂಡಿ ಒತ್ತುವ ಫೋನು. ಉಷಾ ಇರುವಾಗ ಕೂತರೆ ಆಗುತ್ತಿತ್ತೋ ಏನೋ, ಆದರೆ ಆಗ ಅವಳೂ ಕೇಳುತ್ತಾಳೆ. ರವೀಂದ್ರನಗರದ ನಮ್ಮ ಮನೆಯಲ್ಲಿ ಮಗನಿಗೆ ಹೇಳಿದರೆ ಅವನು ಮೊದಲು ಓದಿ ನೋಡುತ್ತಾನೆ. ಆದ್ದರಿಂದ ಇದು ನನ್ನ, ಜಯಕ್ಕನ ಮತ್ತು ಆ ಯಂತ್ರದ ನಡುವೆಯೇ ಮುಗಿಯಬೇಕಿತ್ತು. ಸೊಸೆಗೆ "ಜಯಕ್ಕನನ್ನ ನೋಡ್ಕೊಂಡು ಬರ್ತೀನಿ" ಅಂತ ಹೇಳಿ, ಸೀರೆ ಸುತ್ತಿದ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಬಸ್ಸು ಮಲವಗೊಪ್ಪ ದಾಟುವಾಗ ಪಕ್ಕದ ಹೆಂಗಸು ಚೀಲ ಮುಟ್ಟಿ "ಏನಮ್ಮ ಇದು, ಹಪ್ಪಳದ ಮಣೆಯಾ?" ಅಂದರು. ಹೂಂ ಅಂದೆ.

ಜಯಕ್ಕ ಬಾಗಿಲಲ್ಲೇ ಕಾಯುತ್ತಿದ್ದರು. ಯಂತ್ರ ತೆರೆದು ಸಿಂಚನಾ ಹೇಳಿದ್ದ ಕಪ್ಪು ಪರದೆ ಬರಿಸಿ, ಚೀಟಿ ಬಿಡಿಸಿದೆ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದೇ ಕೂಡಿಸಿ ಓದುವ ಅಭ್ಯಾಸ ನನ್ನದು. ಎಸ್, ಯು, ಡಿ, ಓ. ಸುಡೋ!

ಚೀಟಿ ತಿರುಗಿಸಿ ಹಿಂಬದಿ ನೋಡಿದೆ, ಏನೂ ಬರೆದಿರಲಿಲ್ಲ.

"ಏನಂತೆ?" ಅಂದರು ಜಯಕ್ಕ.

"ಸುಡೋ ಅಂತ ಬರೆದಿದ್ದಾಳೆ ಜಯಕ್ಕ."

"ಏನನ್ನ ಸುಡಬೇಕಂತೆ?"

"ಅದನ್ನ ಬರೆದಿಲ್ಲ. ಮುಂದೆ ಡಿ ಪಿ ಅಂತಿದೆ, ಆಮೇಲೆ ಕೆಜಿ ಅಂತಿದೆ. ಎಷ್ಟು ಕೆಜಿ ಅಂತ ಇಲ್ಲ."

"ಈಗಿನ ಹುಡುಗ್ರು ಮಾತೆಲ್ಲ ಹಿಂಗೇ. ಯಾರಿಗೆ ಹೇಳಿದ್ದಂತೆ ಅದು, ಮಿಷನ್ನಿಗಾ? ಹೋಗೋ ಬಾರೋ ಅಂದಂಗೆ ಸುಡೋ ಅಂತಾಳಾ? ಮನೆಗೆ ಬಂದ ಹೊಸ ವಸ್ತು, ಮೊದಲ್ನೇ ಮಾತೇ ಸುಡೋದಾ? ಬಿಡು ಮಾರಾಯ್ತಿ, ಅದೊಂದು ಬಿಟ್ಟು ಉಳಿದದ್ದನ್ನ ಹೊಡಿ."

ನನಗೂ ಅದೇ ಸರಿ ಅನ್ನಿಸಿತು. ಅಂದು ಗುರುವಾರ ಬೇರೆ. ಸುಡೋ ಒಂದನ್ನು ಬಿಟ್ಟು, ಉಳಿದದ್ದನ್ನು ತೋರುಬೆರಳಿನಲ್ಲಿ ಹೊಡೆದೆ. ಯಂತ್ರ ಒಂದೇ ಸಾಲಿನಲ್ಲಿ ಸಿಡುಕಿ ಸುಮ್ಮನಾಯಿತು. ಆ ಸಾಲನ್ನು ಬೇರೊಂದು ಪುಸ್ತಕದಲ್ಲಿ ಕಾಪಿ ಮಾಡಿಕೊಂಡು, ಕಾಫಿ ಕುಡಿದು ವಾಪಸು ಬಂದೆ.

ಯಾರನ್ನು ಕೇಳುವುದು? ಸಿಂಚನಾಗೆ ಪರೀಕ್ಷೆ. ದುರ್ಗಿಗುಡಿಯಲ್ಲಿ ಫರೀದಾ ಅನ್ನುವ ಹೆಂಗಸು ಮದುವೆ ಕಾರ್ಡು ಟೈಪ್ ಮಾಡುವ ಸಣ್ಣ ಅಂಗಡಿ ಇಟ್ಟಿದ್ದಾಳೆ, ಜೆರಾಕ್ಸೂ ಮಾಡುತ್ತಾಳೆ. ಅಂಗಡಿಯಲ್ಲಿ ಗಂಡಸರು ಯಾರೂ ಇಲ್ಲದ ಹೊತ್ತು ನೋಡಿಕೊಂಡು ಒಳಗೆ ಹೋದೆ. ನಾನು ಕಾಪಿ ಮಾಡಿದ್ದನ್ನು ನೋಡಿ ಅವಳು "ಮುಂದೆ ಸುಡೋ ಹಾಕಿಲ್ವಾ ಅಮ್ಮಾ?" ಅಂದಳು. ಜಯಕ್ಕನ ಅಭಿಪ್ರಾಯವನ್ನು ಹೇಳಿದೆ. ಫರೀದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪಾಪ, ಒಳ್ಳೆಯವಳು. "ಅಂದ್ರೆ ಸುಡೋದಲ್ಲ ಅಮ್ಮಾ. ಯಜಮಾನ್ರ ಹುಕುಂ ಅಂತ. ಅದು ಹೇಳಿದ್ರೇನೇ ಮಿಷನ್ನು ಮಾತು ಕೇಳೋದು. ಇಲ್ಲಾಂದ್ರೆ ನೀವ್ಯಾರು ಅನ್ನುತ್ತೆ" ಅಂದಳು.

ಎರಡನೇ ಗುರುವಾರ ದೇವರಿಗೆ ಕೈಮುಗಿದು ಸುಡೋ ಅಂತ ಹೊಡೆದೆ. ಗುಟ್ಟಿನ ಪದ ಕೇಳಿತು. ಸಿಂಚನಾ ಬರೆದುಕೊಟ್ಟದ್ದನ್ನು ಹೊಡೆಯುತ್ತೇನೆ, ಪರದೆಯ ಮೇಲೆ ಒಂದು ಅಕ್ಷರವೂ ಮೂಡುವುದಿಲ್ಲ! ನನಗಿಂತ ನಾಚಿಕೆಯ ಪ್ರಾಣಿ ಇನ್ನೊಂದಿದೆ ಅಂತ ಅವತ್ತು ಗೊತ್ತಾಯಿತು. ಐದಾರು ಸಲ ಹೊಡೆದ ಮೇಲೆ ಹೇಗೋ ಒಪ್ಪಿತು. ಒಪ್ಪಿದ್ದೇ ತಡ, ಉದ್ದಕ್ಕೆ ಏನೇನೋ ಸುರಿದು ಮತ್ತೆ ನಿಂತಿತು. ಅದರಲ್ಲಿ ಒಂದು ಹೆಸರು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಲಿಬ್ ಅಂತ ಶುರುವಾಗಿ ಒಂದರ ಅಂಕಿಯಲ್ಲಿ ಮುಗಿಯುವುದು. ಅದನ್ನು ಶಾಲೆಯಲ್ಲಿ ಕಲಿಸಿದ್ದ ಹಾಗೆ ದುಂಡಗೆ, ಅಕ್ಷರ ಕೂಡಿಸಿ ಬರೆದುಕೊಂಡೆ.

"ಇನ್ನೂ ಓದಲ್ವಾ ಅದು?" ಅಂದರು ಜಯಕ್ಕ.

"ಅದಕ್ಕೆ ಜೊತೆಗೆ ಇನ್ಯಾರೋ ಬೇಕಂತೆ."

"ಶಾಲೆಗೆ ಹೊರಟ ಕೂಸಿನ ಹಂಗಾಯ್ತು" ಅಂತ ನಕ್ಕರು. ಆದರೆ ಆ ನಗು ಮೊದಲಿನ ವಾರದಷ್ಟು ಉದ್ದ ಇರಲಿಲ್ಲ.

ಫರೀದಾ ನನ್ನ ಬರಹವನ್ನು ಹಾಗೆ ಹಿಡಿದಳು, ಹೀಗೆ ಹಿಡಿದಳು. "ಕೊನೇದು ಎನ್ ತಾನೇ ಅಮ್ಮಾ?" ಅಂದಳು. ಹೂಂ ಅಂದೆ. ಹುಡುಕಿದಳು, ಸಿಗಲಿಲ್ಲ. "ಸೊನ್ನೆನಾ? ಕೆಳಗೆ ತೂತು ಬಿಟ್ಟಿದೆ." ಅದಕ್ಕೂ ಹೂಂ ಅಂದೆ. ಮತ್ತೆ ಹುಡುಕಿದಳು. ಇಪ್ಪತ್ತು ನಿಮಿಷ ಕಳೆಯಿತು, ನನಗೆ ಬೆವರು. ಕೊನೆಗೆ ಅವಳ ಕಣ್ಣು ಪುಟದ ಮೇಲೆ ನಾನು ಹಾಕಿದ್ದ ತಾರೀಖಿನ ಮೇಲೆ ಬಿತ್ತು. "ಅಯ್ಯೋ ಅಮ್ಮಾ! ಇದು ಕನ್ನಡದ ಒಂದು!" ಅಂತ ಕೂಗಿದಳು. ಹೌದು, ನಾನು ಅಂಕಿ ಬರೆಯುವುದು ಕನ್ನಡದಲ್ಲೇ. ಹಾಲಿನ ಲೆಕ್ಕವೂ ಹಾಗೇ, ಕ್ಯಾಲೆಂಡರಿನ ಮೇಲಿನ ಗುರುತೂ ಹಾಗೇ. ಮೇಷ್ಟ್ರು ಕಲಿಸಿದ್ದು ಅದು. ೧ ಅಂತ ಬರೆದರೆ ಅದನ್ನು ಎನ್ ಅಂತಲೋ ಬಾಯಿಬಿಟ್ಟ ಸೊನ್ನೆ ಅಂತಲೋ ಓದುವ ಕಾಲ ಬರುತ್ತದೆಂದು ಅವರಿಗಾದರೂ ಹೇಗೆ ಗೊತ್ತಿರಬೇಕು?

ಲಿಬ್ ಸಿಕ್ಕಿತು. ಆದರೆ ಆ ಲಿಬ್ಬಿಗೆ ಬೇರೆ ಮೂವರು ಬೇಕಂತೆ, ಆ ಮೂವರಲ್ಲಿ ಒಬ್ಬನಿಗೆ ಇನ್ನಿಬ್ಬರು. "ಇದೇನಮ್ಮ ಹೀಗೆ?" ಅಂತ ಧೈರ್ಯ ಮಾಡಿ ಕೇಳಿದೆ. ಫರೀದಾ ಮೇಜಿನ ಮೇಲಿದ್ದ ಮದುವೆ ಕಾರ್ಡು ಎತ್ತಿ ತೋರಿಸಿದಳು. "ಇದೇ ತರಹ ಅಮ್ಮಾ. ಇಲ್ಲಿ ಕೆಳಗೆ ದೊಡ್ಡಪ್ಪನ ಹೆಸರು ಬಿಟ್ಟು ಹೋದ್ರೆ ದೊಡ್ಡಪ್ಪ ಬರಲ್ಲ. ದೊಡ್ಡಪ್ಪ ಬರದೆ ಅವರ ಮಗ ಬರಲ್ಲ. ಮಗ ಬರದಿದ್ರೆ ಅವನ ಹೆಂಡ್ತಿ ತವರಿನವರು ಬರಲ್ಲ. ನೆಟ್ಟಿದ್ದ ಮನೇಲಿ ಮಿಷನ್ನೇ ಎಲ್ಲರನ್ನೂ ಕರ್ಕೊಂಡು ಬರುತ್ತೆ. ನೆಟ್ಟಿಲ್ಲದ ಮನೇಗೆ ನೀವೇ ಒಬ್ಬೊಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಹೋಗ್ಬೇಕು." ಇಷ್ಟು ಚೆನ್ನಾಗಿ ಯಾರೂ ನನಗೆ ಏನನ್ನೂ ಹೇಳಿಕೊಟ್ಟಿಲ್ಲ. ಎಲ್ಲರನ್ನೂ ಪೆನ್ ಡ್ರೈವಿಗೆ ತುಂಬಿಸುವಾಗ ಅವಳು ತಲೆ ಎತ್ತದೆ "ಅರವತ್ನಾಲ್ಕಾ ಅಮ್ಮಾ?" ಅಂದಳು.

ನನಗೆ ಅರವತ್ತೇಳು. ಮೂರು ವರ್ಷ ಕಡಿಮೆ ಹೇಳಿದಳಲ್ಲ ಅಂತ ಒಳಗೊಳಗೇ ಖುಷಿಯಾಗಿ ಹೂಂ ಅಂದೆ.

ಮೂರನೇ ಗುರುವಾರ ಯಂತ್ರ ಆ ಅಷ್ಟೂ ಜನರನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸಿತು. ನಾನು ಕಪ್ಪು ಪರದೆಯ ಮುಂದೆ ಕೂತೇ ಇದ್ದೆ. ಜಯಕ್ಕ "ಬಿಡು ಗಿರಿಜಾ. ನಿಂಗೆ ಓಡಾಡಿ ಸುಸ್ತು. ಕೇಳದಿದ್ರೆ ಏನಂತೆ, ಎಷ್ಟೋ ಓದಿದ್ದೀನಿ ಈ ಜನ್ಮಕ್ಕೆ" ಅಂದರು. ಅಂದವರು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಒಂದು ಕಾಲದಲ್ಲಿ ಎಣ್ಣೆ ಪೇಪರನ್ನೂ ಬಿಡದವರು ಬಿಡು ಅಂದದ್ದು ನನ್ನನ್ನು ಬಹಳ ಹೊತ್ತು ತಿನ್ನುತ್ತಿತ್ತು. ಆ ಕ್ಷಣವೇ ನೋಟುಬುಕ್ಕು ತೆಗೆದು ಓದಿಬಿಡಬಹುದಿತ್ತು. ತೆಗೆದೆ ಕೂಡ. ಮೊದಲ ಸಾಲು ಕಂಡದ್ದೇ ಮುಚ್ಚಿ ಚೀಲಕ್ಕೆ ಹಾಕಿದೆ.

ಈ ಸಲ ಲ್ಯಾಪ್‌ಟಾಪನ್ನೇ ಫರೀದಾಳ ಮುಂದಿಟ್ಟೆ. ನೋಡಿ ಹಣೆ ಚಚ್ಚಿಕೊಂಡಳು. "ಇದು ಮೂವತ್ತೆರಡರದ್ದು! ಅರವತ್ನಾಲ್ಕಾ ಅಂತ ಕೇಳಿದ್ನಲ್ಲ ಅಮ್ಮಾ?" ಆಗ ತಿಳಿಯಿತು, ಅವಳು ಕೇಳಿದ್ದು ಯಂತ್ರದ ಜಾತಕ, ನನ್ನದಲ್ಲ. ಹೊಸ ಕಂಪ್ಯೂಟರುಗಳು ಅರವತ್ನಾಲ್ಕರವು, ಹಳೆಯವು ಮೂವತ್ತೆರಡರವು, ಒಂದರ ಪ್ಯಾಕೇಜು ಇನ್ನೊಂದಕ್ಕೆ ಕೂರುವುದಿಲ್ಲವಂತೆ. ಅರವತ್ನಾಲ್ಕು ವಿದ್ಯೆಯಲ್ಲಿ ನಮ್ಮದು ಅರ್ಧ ಮಾತ್ರ ಕಲಿತದ್ದು, ನನ್ನ ಹಾಗೆ ಶಾಲೆ ನಡುವೆ ಬಿಟ್ಟಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ನನ್ನ ವಯಸ್ಸಿನ ವಿಷಯ ಮಾತ್ರ ಅವಳಿಗೆ ಹೇಳಲಿಲ್ಲ. ಮೂವತ್ತೆರಡರವನ್ನು ಪೆನ್ ಡ್ರೈವಿಗೆ ತುಂಬಿಸಿ, ಯಾವುದು ಮೊದಲು ಯಾವುದು ಆಮೇಲೆ ಅಂತ ಬರೆದುಕೊಟ್ಟು, ಇಲ್ಲೇ ಎಲ್ಲವನ್ನೂ ಹಾಕಿಕೊಡಲಾ ಅಂದಳು. ಹಾಕಿದ ಮೇಲೆ ಸರಿಯಾಯಿತೇ ಅಂತ ಅವಳು ಓದಿಸಿ ನೋಡುತ್ತಾಳೆ, ಏನು ಓದಿಸುತ್ತಾಳೆ? ನನ್ನದೇ ಬರಹ! ಬೇಡ ಬೇಡ ಅಂತ ಪೆನ್ ಡ್ರೈವನ್ನೂ ಲ್ಯಾಪ್‌ಟಾಪನ್ನೂ ಕಸಿದುಕೊಂಡು ಹೊರಟೆ.

ನಾಲ್ಕನೇ ಗುರುವಾರ ಜಯಕ್ಕ ಬಾಗಿಲಲ್ಲಿರಲಿಲ್ಲ. ಒಳಗೆ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ನಾನು ಸುಡೋ ಅಂದೆ, ಗುಟ್ಟಿನ ಪದ ಅಂದೆ, ಚಿಕ್ಕವನಿಂದ ಶುರುಮಾಡಿ ದೊಡ್ಡಪ್ಪನವರೆಗೆ ಒಬ್ಬೊಬ್ಬರನ್ನೇ ಒಳಗೆ ಕರೆದೆ. ಯಾರೂ ಮುನಿಸಿಕೊಳ್ಳಲಿಲ್ಲ. ಎರಡನೇ ಚೀಟಿಯ ಸಾಲು ಹೊಡೆದು, ಮೆಲ್ಲಗೆ ಗುಂಡಿ ಒತ್ತಿದೆ.

ಮೆಲ್ಲಗೆ ಒತ್ತಿದರೆ ಮೆಲ್ಲಗೆ ಓದುವುದಿಲ್ಲ ಅದು. ಪೊಲೀಸ್ ಸ್ಟೇಷನ್ನಿನಲ್ಲಿ ಪೇದೆಯೊಬ್ಬ ದೂರು ಓದುವ ಹಾಗೆ ಒಂದು ಗಂಡು ದನಿ, ಇಡೀ ಲೈನಿಗೆ ಕೇಳುವಷ್ಟು ಜೋರಾಗಿ, "ನಾನು ಮದುವೆಯಾಗಿ ಬಂದಾಗ ನಮ್ಮ ಮನೆಯಲ್ಲಿ ಜಯಕ್ಕನವರು ಆರತಿ ಹಾಡು ಹೇಳುತ್ತಿದ್ದರು" ಅಂತ ಶುರುಮಾಡಿತು. ಜಯಕ್ಕ ಗಕ್ಕನೆ ಈ ಕಡೆ ತಿರುಗಿದರು. ಮುಂದಿನ ಸಾಲು ಏನೆಂದು ನನಗೆ ಗೊತ್ತಿತ್ತು. ಸಿಂಚನಾ, ನಿಲ್ಲಿಸುವ ಚೀಟಿ ನೀನು ಕೊಟ್ಟಿರಲಿಲ್ಲ! ಕಂಡ ಕಂಡ ಗುಂಡಿ ಒತ್ತಿದೆ. ಅದು ಅಳುಕದೆ ಓದಿತು: "ಅವರ ಹಾಡು ಶುರುವಾದರೆ ನಾನು ಕೊಡ ಹಿಡಿದು ಹಿತ್ತಲ ಬಾವಿಗೆ ಹೋಗುತ್ತಿದ್ದೆ. ಭಾವನವರು ಅಂಗಳಕ್ಕೆ ಹೋಗುತ್ತಿದ್ದರು. ದೇವರು ಒಬ್ಬರೇ ಒಳಗೆ ಉಳಿಯುತ್ತಿದ್ದರು."

ನಾನು ಸೀರೆ ಸುತ್ತಿ ಅದರ ಬಾಯಿ ಮುಚ್ಚಲು ಹೋದೆ. ಜಯಕ್ಕ ತಡವಿ ನನ್ನ ಕೈ ಹಿಡಿದುಕೊಂಡರು. "ಕೈ ತೆಗಿ. ಅದಕ್ಕೇನಾ ನೀನು ಯಾವತ್ತೂ ಖಾಲಿ ಕೊಡ ತರ್ತಿದ್ದದ್ದು?" ಅಂದರು. ಅಂದು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಾಲ್ಕು ವಾರದಿಂದ ಬಾಕಿ ಉಳಿದಿದ್ದ ನಗು. ಅಷ್ಟರಲ್ಲಿ ಪಕ್ಕದ ಮನೆಯ ಸೆಲ್ವಿ ಕಿಟಕಿಯಲ್ಲಿ ಮುಖ ಇಟ್ಟು, "ಅಕ್ಕಾ, ಆ ದೇವ್ರು ಒಬ್ರೇ ಅಂದ್ಮೇಲೆ ಏನಂತು? ನಮ್ಮನೆ ಕುಕ್ಕರ್ ಕೂಗಿ ಕೇಳಿಸ್ಲಿಲ್ಲ" ಅಂದಳು. ಅವಳ ಹಿಂದೆ ಇನ್ನೂ ಎರಡು ತಲೆ ಇದ್ದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯಂತ್ರ ಪುಟ ತಿರುಗಿಸಿತು. ನಿಮ್ಮ ತಾತ ತೀರಿಹೋದ ಕಾಲದ್ದು ಬಂತು. ಅದನ್ನು ನಾನು ಯಾರಿಗೂ ಹೇಳಿಲ್ಲ. ಬಂದ ಜನರ ಮುಂದೆ ಅಳಲು ನಾಚಿಕೆಯಾಗಿ ಉಗ್ರಾಣದಲ್ಲಿ ಅಡಗಿ ಕೂತಿದ್ದೆ. ಎಲ್ಲರೂ ಏನಂದುಕೊಂಡಾರು ಅನ್ನುವಾಗ ಜಯಕ್ಕ ಬಾಗಿಲಿಗೆ ಅಡ್ಡ ನಿಂತು, "ಅವಳಿಗೆ ಜ್ವರ, ಮಾತಾಡಿಸ್ಬೇಡಿ" ಅಂತ ಹದಿಮೂರು ದಿನವೂ ನನಗಾಗಿ ಸುಳ್ಳು ಹೇಳಿದರು, ಸುಳ್ಳು ನಿಜವೆಂದು ಕಾಣಲಿ ಅಂತ ಹೊತ್ತು ಹೊತ್ತಿಗೆ ಕಹಿ ಕಷಾಯ ಕೂಡ ತಂದುಕೊಟ್ಟರು, ಅಂಥ ಉಪಕಾರವನ್ನು ನಾನು ಮರೆಯಲಾರೆ, ಅಂತ ಬರೆದಿದ್ದೆ. ಪೇದೆ ದನಿ ಅಷ್ಟನ್ನೂ ಒಂದೇ ಉಸಿರಿನಲ್ಲಿ ಓದಿ ಮುಗಿಸಿತು.

"ಸುಳ್ಳಾ?" ಅಂದರು ಜಯಕ್ಕ. "ನಿಂಗೆ ಜ್ವರ ಇರ್ಲಿಲ್ವಾ?"

"ನೀವು ನನಗೋಸ್ಕರ ಹೇಳ್ತಿದ್ದೀರಿ ಅಂತ…"

"ನಾನ್ಯಾಕೆ ಸುಳ್ಳು ಹೇಳ್ಲಿ ಮಾರಾಯ್ತಿ? ಜ್ವರ ಅಂತಾನೇ ಹೇಳಿದ್ದು! ಹಣೆ ಮುಟ್ಟಿ ನೋಡಿದ್ದೆ, ಕೆಂಡ ಇದ್ದಂಗಿತ್ತು. ಇಲ್ದೆ ಹದಿಮೂರು ದಿನ ಅಮೃತಬಳ್ಳಿ ಕುದಿಸೋಕೆ ನಂಗೇನು ಬೇರೆ ಕೆಲಸ ಇರ್ಲಿಲ್ವಾ? ನೀನು ಒಂದಿನ ಆದ್ರೂ ಬೇಡ ಅಂದ್ಯಾ? ಕೊಟ್ಟಾಗೆಲ್ಲ ಕುಡಿದೆ."

"ಹಂಗಾದ್ರೆ ಜ್ವರ ಇತ್ತಾ ಇಲ್ವಾ ಅಕ್ಕಾ?" ಅಂದಳು ಸೆಲ್ವಿ ಕಿಟಕಿಯಿಂದ.

ನನಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ ಮಕ್ಕಳೇ. ಹದಿನೆಂಟು ವರ್ಷ ಒಂದು ಸುಳ್ಳಿಗೆ ಕೃತಜ್ಞಳಾಗಿದ್ದೆ, ಈಗ ನೋಡಿದರೆ ಅದು ಸುಳ್ಳೇ ಅಲ್ಲ. ಜಯಕ್ಕ ಕೈ ಚಾಚಿ, ಗಾಳಿಯಲ್ಲಿ ಹುಡುಕಿ, ನನ್ನ ಹಣೆ ಸಿಕ್ಕಿದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು. "ಅಷ್ಟು ಜ್ವರದಲ್ಲಿ ನಾಚಿಕೆ ಅಂದ್ಕೊಂಡು ಕೂತಿದ್ದೆಯಲ್ಲೇ, ಹುಚ್ಚಿ" ಅಂದರು. ನಾನು ಅತ್ತೆ. ಸೆಲ್ವಿಯ ಮುಂದೆ, ಹೆಸರು ಗೊತ್ತಿಲ್ಲದ ಇನ್ನಿಬ್ಬರ ಮುಂದೆ, ಮುಖ ಮುಚ್ಚಿಕೊಳ್ಳದೆ ಅತ್ತೆ. ಯಂತ್ರ ಮಾತ್ರ ಅದರ ಪಾಡಿಗೆ ಉಪ್ಪಿನಕಾಯಿಯ ಅಧ್ಯಾಯ ಓದುತ್ತಿತ್ತು.

ಈಗ ಗುರುವಾರ ಬಂತೆಂದರೆ ಲೈನಿನ ನಾಲ್ಕು ಮನೆಯವರು ಕುಕ್ಕರ್ ಬೇಗ ಇಳಿಸಿಕೊಂಡು ಬಂದು ಕೂರುತ್ತಾರೆ. ಉಷಾ ಕೂಡ ಡ್ಯೂಟಿ ಬದಲಾಯಿಸಿಕೊಂಡಿದ್ದಾಳೆ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲವಾದ್ದರಿಂದಲೇ ಇದನ್ನು ನಿಮಗೂ ಬರೆದಿದ್ದೇನೆ. ಬರೆದದ್ದರಲ್ಲಿ ಎರಡು ತಪ್ಪುಗಳಿವೆ, ತಿದ್ದಿಸು ಅಂತ ಜಯಕ್ಕ ಅಪ್ಪಣೆ ಮಾಡಿದ್ದಾರೆ. ಮೊದಲನೆಯದನ್ನು ಇಲ್ಲೇ ತಿದ್ದಿಬಿಡುತ್ತೇನೆ, ನನಗೆ ಜ್ವರ ಇತ್ತು. ಎರಡನೆಯದು ಅವರ ಹಾಡಿನ ವಿಷಯ. ಅದನ್ನು ತಿದ್ದಲು ಎಷ್ಟು ಸಲ ಕೂತರೂ ಕೈ ಏಳುತ್ತಿಲ್ಲ, ಬರುವ ಗುರುವಾರ ಅವರು ಮೊದಲಿನಿಂದ ಓದಿಸಿ ಕೇಳುತ್ತಾರಂತೆ. ಸಿಂಚನಾ, ಆ ಯಂತ್ರವನ್ನು ನಡುವೆ ನಿಲ್ಲಿಸುವುದು ಹೇಗೆ ಅಂತ ಬುಧವಾರದೊಳಗೆ ಒಂದು ಚೀಟಿ ಬರೆದು ಕಳಿಸು.